ಹಲ್ಲಿನ ಡಾಕ್ಟರ ಪುಟ, ಅಕ್ಕನ ಪುಟ

ಮಾರ್ಚ್ ೩, ಸೋಮವಾರ

ಅಕ್ಕನಿಗೆ ತಲೆ ಕೆಟ್ಟಿದೆ. ನಗರಸಭೆ ಚುನಾವಣೆಗೆ ನಿಲ್ಲುತ್ತಾಳಂತೆ. ಅರ್ಜಿ ಹಾಕಿ ಬಂದ ಮೇಲೆ ನಮಗೆ ಹೇಳಿದಳು. ಭಾವ ಸೈಕಲ್ ಅಂಗಡಿಯಿಂದ ಎಣ್ಣೆ ಕೈಯಲ್ಲೇ ಎದ್ದು ಬಂದು, "ಮನೇಲಿ ಇನ್ನೂ ಇಬ್ಬರು ಇದ್ದೀವಿ, ಒಂದು ಮಾತು ಕೇಳಬಾರದಿತ್ತಾ?" ಎಂದರು. "ಕೇಳಿದ್ರೆ ಬೇಡ ಅಂತಿದ್ರಿ" ಎಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ಕಾರಣ ಇಷ್ಟು. ಅಕ್ಕ ಹದಿನೈದು ವರ್ಷದಿಂದ ನರ್ಸಾಗಿರುವ ಹೆರಿಗೆ ಆಸ್ಪತ್ರೆ ಒಂದು ದತ್ತಿ ಸಂಸ್ಥೆಯದು. ನಡೆಯುವುದು ನಗರಸಭೆಯ ಅನುದಾನದಲ್ಲಿ. ನಮ್ಮ ವಾರ್ಡಿನ ಹಾಲಿ ಸದಸ್ಯ ಒಬ್ಬ ಹಲ್ಲಿನ ಡಾಕ್ಟರ. ಈ ಸಲವೂ ಗೆದ್ದರೆ ಅನುದಾನ ನಿಲ್ಲಿಸಿ, ಆಸ್ಪತ್ರೆಯನ್ನು ಸೇತುವೆಯಾಚೆಯ ದೊಡ್ಡಾಸ್ಪತ್ರೆಯಲ್ಲಿ ವಿಲೀನ ಮಾಡಿಸುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಬೆಳಗ್ಗೆ ಸಂಜೆ ಆ ಸೇತುವೆಯ ಮೇಲೆ ಗಾಡಿಗಳು ಅಲ್ಲಾಡುವುದಿಲ್ಲ. ನೋವು ಶುರುವಾದ ಹೆಂಗಸು ಅಲ್ಲಿ ಸಿಕ್ಕಿಕೊಂಡರೆ ಏನು ಗತಿ ಎನ್ನುವುದು ಅಕ್ಕನ ಪ್ರಶ್ನೆ.

ನನ್ನ ಪಾಲಿಗೆ ಬಂದದ್ದು ವೆಬ್‌ಸೈಟು. ಹಾಸಿಗೆ ಕಂಪನಿಗೆ ಏಳು ವರ್ಷ ಹಾಸಿಗೆಗಳ ಗುಣಗಾನ ಬರೆದವನು ನಾನು. ಬರೆಯುವವರೆಲ್ಲ ಬೇಡ ಎಂದು ಕಂಪನಿ ಕಳಿಸಿಬಿಟ್ಟ ಮೇಲೆ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಬಿದ್ದುಕೊಂಡಿದ್ದೇನೆ. "ಹಾಸಿಗೆ ಮಾರಿದವನಿಗೆ ಅಕ್ಕನ್ನ ಗೆಲ್ಲಿಸೋದು ಏನು ಮಹಾ" ಎಂದೆ. ಭಾವ ತಲೆಯಾಡಿಸಿದರು. "ಹಾಸಿಗೆ ಮಾತಾಡಲ್ಲಪ್ಪಾ. ನಿಮ್ಮಕ್ಕ ಮಾತಾಡ್ತಾಳೆ. ಕಷ್ಟ ಇರೋದೇ ಅಲ್ಲಿ."

ಮಾರ್ಚ್ ೫, ಬುಧವಾರ

ಹಲ್ಲಿನ ಡಾಕ್ಟರನ ವೆಬ್‌ಸೈಟು ನೋಡಿದೆ. ಬೈಯಲು ಕೂತವನು ಕೈ ಮುಗಿಯುವ ಹಾಗಾಯಿತು.

ಮೊದಲು ಹಲ್ಲು. ಪರದೆಯ ಅರ್ಧ ಭಾಗ ಅವನ ನಗುವೇ. ಆದರೆ ಅವನು ನಮ್ಮನ್ನು ನೋಡುತ್ತಿಲ್ಲ, ಪಕ್ಕದಲ್ಲಿರುವ ಒಂದು ಪ್ರಶ್ನೆಯನ್ನು ನೋಡುತ್ತಿದ್ದಾನೆ. ಅವನು ನೋಡಿದ ಕಡೆ ನಮ್ಮ ಕಣ್ಣೂ ಹೋಗುತ್ತದೆ. "ನಿಮ್ಮ ಬೀದಿಯಲ್ಲಿ ಸರಿಯಾಗಬೇಕಾದ್ದು ಏನು?" ಅಷ್ಟೇ. ಓಟು ಕೇಳಿಲ್ಲ, ಪಕ್ಷದ ಸುದ್ದಿಯಿಲ್ಲ. ದೂರು ಹೇಳಿಕೊಳ್ಳುವುದು ಅಂದರೆ ಯಾರಿಗೆ ಬೇಡ? ಬರೆದು ಮುಗಿಸಿದೊಡನೆ ನಮ್ಮ ಬೀದಿಯ ಹೆಸರು ಹಿಡಿದು ಥ್ಯಾಂಕ್ಸ್ ಹೇಳುತ್ತದೆ, ಅದೇ ಬೀದಿಯವರು ಎಷ್ಟು ಮಂದಿ ಆಗಲೇ ಬರೆದಿದ್ದಾರೆ ಎಂದು ತೋರಿಸುತ್ತದೆ. ಪಕ್ಕದ ಮನೆಯವರು ಒಳಗಿದ್ದಾರೆ ಅಂದಮೇಲೆ ನಾವು ಹೊರಗೆ ಯಾಕೆ ನಿಲ್ಲಬೇಕು? ಆಮೇಲೆ ಮೆಲ್ಲಗೆ ಫೋನ್ ನಂಬರು ಕೇಳುತ್ತದೆ. ಎಲ್ಲ ಆದ ಮೇಲೆ ವಿಲೀನದ ವಿಷಯ, ಅದೂ "ದೊಡ್ಡ ಆಸ್ಪತ್ರೆ, ದೊಡ್ಡ ಧೈರ್ಯ" ಎಂದು ನಾಲ್ಕೇ ಪದದಲ್ಲಿ. ಅಷ್ಟರಲ್ಲಿ ನಾವು ಮೂರು ಸಲ ಹೂಂ ಅಂದಾಗಿರುತ್ತದೆ. ನಾಲ್ಕನೆಯ ಸಲ ಊಹೂಂ ಅನ್ನಲು ನಾಲಿಗೆ ಏಳುವುದಿಲ್ಲ.

ಕೊನೆಯಲ್ಲಿ ಒಂದು ಬಟನ್. ಅದರ ಮೇಲೆ "ಬೆಂಬಲಿಸಿ" ಎಂದಿಲ್ಲ, "ಸೇರಿ" ಎಂದಿಲ್ಲ. "ನೋಡೋಣ" ಎಂದಿದೆ! ಇಲ್ಲ ಅನ್ನಲಾಗದೆ, ಹೂಂ ಅನ್ನಲು ಮನಸ್ಸೂ ಇಲ್ಲದೆ ಜನ ಆಡುವ ಮಾತನ್ನೇ ಎತ್ತಿ ಬಟನ್ ಮಾಡಿಟ್ಟಿದ್ದಾನೆ ಈ ಪುಟ ಮಾಡಿಕೊಟ್ಟ ಮಹಾನುಭಾವ. ಒತ್ತಿದರೆ ಯಾರಿಗೂ ಭಾರವಿಲ್ಲ. ಏಳು ವರ್ಷ "ಈಗಲೇ ಕೊಳ್ಳಿ" ಎಂದು ಬರೆದ ನನಗೆ ಇದು ಒಂದು ದಿನವೂ ಹೊಳೆಯಲಿಲ್ಲ. ಇದನ್ನು ಮಾಡಿದವನು ಎಂದಾದರೂ ಸಿಕ್ಕರೆ, ಈ ಮಾತು ಎಲ್ಲಿಂದ ಸಿಕ್ಕಿತು ಮಾರಾಯ ಎಂದು ಕೇಳಬೇಕು.

ಮಾರ್ಚ್ ೬, ಗುರುವಾರ

ಮತ್ತೆ ನೋಡಿದೆ. ಹೊಟ್ಟೆಕಿಚ್ಚು, ಬೇರೇನೂ ಇಲ್ಲ.

ಮಾರ್ಚ್ ೯, ಭಾನುವಾರ

ಮೊನ್ನೆ ಪರೀಕ್ಷೆಗೆಂದು ಡಾಕ್ಟರನ ಪ್ರಶ್ನೆಗೆ "ಸೈಕಲ್ ಅಂಗಡಿ ಮುಂದಿನ ಬೀದಿದೀಪ ಉರಿಯುತ್ತಿಲ್ಲ" ಎಂದು ಬರೆದಿದ್ದೆ. ಒಂದೂವರೆ ವರ್ಷದಿಂದ ಉರಿಯದ ದೀಪ ಅದು. ಇವತ್ತು ಸಂಜೆ ಉರಿಯಿತು. ಫೋನಿಗೆ ಸಂದೇಶವೂ ಬಂತು: "ನಿಮ್ಮ ದೀಪ ಬೆಳಗಿತೇ?"

ಭಾವ ಅಂಗಡಿ ಬಾಗಿಲಲ್ಲಿ ನಿಂತು ದೀಪವನ್ನೇ ನೋಡುತ್ತಾ, "ಇವನಿಗೇ ಓಟು ಹಾಕಿಬಿಡೋಣ್ವಾ?" ಎಂದರು. ತಮಾಷೆಗೆ ಅಂದದ್ದು. ಆದರೆ ನಾನೂ ದೀಪವನ್ನೇ ನೋಡುತ್ತಿದ್ದೆ. ಅಕ್ಕ ಮಾತ್ರ ಒಳಗಿನಿಂದಲೇ ಕೂಗಿದಳು, "ದೀಪ ಹಾಕ್ಸಿದಾನಲ್ಲ, ಒಳ್ಳೇದೇ ಮಾಡಿದ. ಥ್ಯಾಂಕ್ಸ್ ಅಂತ ಬರಿಯೋ."

ಬರೆದೆ. ಆ ಥ್ಯಾಂಕ್ಸಿಗೂ ತಕ್ಷಣ ಉತ್ತರ ಬಂತು, ಕೆಳಗೆ "ನೋಡೋಣ" ಬಟನ್ ಸಮೇತ. ಅಭ್ಯಾಸಬಲದಿಂದ ಒತ್ತಿಬಿಟ್ಟೆ. ಈಗ ನಾನು ಅಧಿಕೃತವಾಗಿ ಅಕ್ಕನ ಎದುರಾಳಿಯ ಹಿತೈಷಿ. ಇದನ್ನು ಯಾರಿಗೂ ಹೇಳಬಾರದು.

ಮಾರ್ಚ್ ೧೧, ಮಂಗಳವಾರ

ಅಕ್ಕನ ಪುಟ ಶುರುವಾಯಿತು. ಫೋಟೋಗೆ ನಗು ಎಂದರೆ, "ಯಾಕೆ, ಏನಾಯ್ತು?" ಎನ್ನುತ್ತಾಳೆ. ಅರ್ಧ ದಿನ ಹಾಳು.

ಪುಟಕ್ಕೆ ಹಾಕಲು ಅವಳೇ ಏನೋ ಬರೆದು ತಂದಿದ್ದಳು. ಯಾವ ದಿನ ಯಾವ ಡಾಕ್ಟರು ಇರುತ್ತಾರೆ, ಬರುವಾಗ ಏನೇನು ತರಬೇಕು, ಮಗುವಿಗೆ ಎಂಥ ಬಟ್ಟೆ, ರಾತ್ರಿಯಾದರೆ ಯಾವ ಬಾಗಿಲು. "ಅಕ್ಕಾ, ಇದು ವೆಬ್‌ಸೈಟಾ, ನೋಟೀಸ್ ಬೋರ್ಡಾ? ಬರೋರು ಇದನ್ನ ಓದೋಕೆ ಬರಲ್ಲ. ಬರೋರನ್ನ ನಾವು ಹಿಡಿಬೇಕು" ಎಂದೆ. ಅದನ್ನು ತೆಗೆದು "ನಿಮ್ಮ ಮಗುವಿನ ಮೊದಲ ಗೆಳತಿ" ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ. ಓದಿ ಮುಖ ಹಿಂಡಿದಳು. "ನಾನು ಯಾರ ಗೆಳತೀನೂ ಅಲ್ಲ ಕಣೋ. ನರ್ಸು."

ಇಡೀ ದಿನಕ್ಕೆ ನಲವತ್ತು ಭೇಟಿ. ಅದರಲ್ಲಿ ಅರ್ಧ ನಾನು, ಕಾಲು ಭಾವ.

ಮಾರ್ಚ್ ೧೬, ಭಾನುವಾರ

ಹೊಳೆಯಿತು! ಜನ ಸಂತೋಷಕ್ಕೆ ನಿಲ್ಲುವುದಿಲ್ಲ, ಭಯಕ್ಕೆ ನಿಲ್ಲುತ್ತಾರೆ. ಬೆನ್ನುನೋವಿನ ಭಯ ಹುಟ್ಟಿಸದೆ ನಾನು ಒಂದಾದರೂ ಹಾಸಿಗೆ ಮಾರಿದ್ದೇನೆಯೇ?

ಭಾವನ ಅಂಗಡಿಯ ಹಳೆಯ ದಪ್ಪ ಬೀಗ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಭಾನುವಾರ ಮಧ್ಯಾಹ್ನ ಮುಂದಿನ ಗೇಟಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ, ಓಡಾಟವೆಲ್ಲ ಪಕ್ಕದ ಬಾಗಿಲಿನಿಂದ. ಗೇಟಿಗೆ ಬೀಗ ತೂಗಿಹಾಕಿ ಫೋಟೋ ತೆಗೆದೆ. ಕಂಬಿಗಳ ನೆರಳು, ತುಕ್ಕು ಹಿಡಿದ ಬೀಗ, ಹಿಂದೆ ಮಸುಕಾಗಿ ಆಸ್ಪತ್ರೆಯ ಹೆಸರು. ಫೋಟೋ ನೋಡಿ ಆಸ್ಪತ್ರೆ ಮುಚ್ಚಿಯೇ ಹೋಗಿದೆ ಎಂದು ನನಗೇ ಅನ್ನಿಸಿತು. ಬೀಗ ತೆಗೆದು ಜೇಬಿಗೆ ಹಾಕಿಕೊಂಡು ಬಂದೆ. ಫೋಟೋದ ಮೇಲೆ ಬರೆದದ್ದು: "ನಾಳೆ ಈ ಗೇಟು ಹೀಗಿದ್ದರೆ?"

ಅಕ್ಕ ಬಹಳ ಹೊತ್ತು ನೋಡಿದಳು. "ಕೊನೇಲಿ ಪ್ರಶ್ನೆ ಇದೆ ತಾನೇ?" ಎಂದಳು. ಇದೆ ಎಂದೆ. ಇನ್ನೊಂದು ಸಲ ಕೇಳಿದಳು. ಇದೆ ಅಕ್ಕಾ, ಕಣ್ಣು ಕಾಣಲ್ವಾ ಎಂದೆ. "ಹಾಗಿದ್ರೆ ಸರಿ" ಎಂದು ಡ್ಯೂಟಿಗೆ ಹೋದಳು.

ಮಾರ್ಚ್ ೧೮, ಮಂಗಳವಾರ

ಹಾಸಿಗೆ ಕಂಪನಿಯಲ್ಲಿ ಮಾಡುತ್ತಿದ್ದ ಹಾಗೆ, ಬಂದವರಲ್ಲಿ ಅರ್ಧ ಜನಕ್ಕೆ ಒಂದು ಶೀರ್ಷಿಕೆ, ಅರ್ಧ ಜನಕ್ಕೆ ಇನ್ನೊಂದು ತೋರಿಸಿದೆ. ಒಂದು ಪ್ರಶ್ನೆಯದು. ಇನ್ನೊಂದು ಬರೀ "ಹೆರಿಗೆ ಆಸ್ಪತ್ರೆಗೆ ಬೀಗ!"

ಪ್ರಶ್ನೆ ಓದಿದವರು ಓದಿ ಹೋದರು. ಬೀಗ ನೋಡಿದವರು ನಿಂತರು, ಹಂಚಿದರು, ಬೈದರು, ಮತ್ತೆ ಬಂದರು. ಜನರ ತೀರ್ಪನ್ನು ಅಲ್ಲಗಳೆಯಲು ನಾನು ಯಾರು? ಪ್ರಶ್ನೆಯದನ್ನು ತೆಗೆದುಬಿಟ್ಟೆ. ಅಕ್ಕನಿಗೆ ಇದನ್ನೆಲ್ಲ ನೋಡಲು ಪುರುಸೊತ್ತೆಲ್ಲಿ?

ಮಾರ್ಚ್ ೨೧, ಶುಕ್ರವಾರ

ಭೇಟಿಗಳು ಸಾವಿರ ದಾಟಿವೆ. ಬೀಗದ ಫೋಟೋ ನನಗೇ ವಾಪಸ್ ಬಂತು, ಯಾರೋ ಕಳಿಸಿದ್ದನ್ನು ಇನ್ಯಾರೋ ಕಳಿಸಿ. ಪುಟದ ಹೆಸರಿಲ್ಲ, ಮೇಲಿನ ಸಾಲೂ ಇಲ್ಲ, ಬರೀ ಚಿತ್ರ. ಚಿತ್ರಕ್ಕೆ ಕಾಲು ಬಂದಿದೆ, ಇನ್ನು ನಾನು ತಳ್ಳಬೇಕಾಗಿಲ್ಲ. ಡಾಕ್ಟರನ ಪುಟ ಮಾಡುವ ಆ ಮಹಾನುಭಾವನಿಗೂ ಇದು ತಲುಪಿರಬೇಕು. ಏನನ್ನಿಸಿರಬಹುದು ಅವನಿಗೆ?

ಅಕ್ಕ ಇವತ್ತು ಬೇಗ ಬಂದಳು. ಆಸ್ಪತ್ರೆಯ ವಾರ್ಡು ಪೂರ್ತಿ ಖಾಲಿಯಂತೆ, ತಪಾಸಣೆಗೂ ಯಾರೂ ಬರುತ್ತಿಲ್ಲವಂತೆ. ಒಳ್ಳೆಯದೇ ಆಯಿತು, ನಾಲ್ಕು ಮನೆ ಹೆಚ್ಚು ತಿರುಗಬಹುದು ಎಂದೆ.

ಮಾರ್ಚ್ ೨೩, ಭಾನುವಾರ

ಮೂರು ಸಾವಿರ! ಭಾವ ಚಹಾ ಕೊಡಿಸಿದರು.

ಮಾರ್ಚ್ ೨೫, ಮಂಗಳವಾರ

ಅಕ್ಕ ಮನೆಗೆ ಬಂದು ಕೈಚೀಲ ಕೆಳಗಿಡಲಿಲ್ಲ. ನಿಂತೇ ಹೇಳಿದಳು.

ಪಕ್ಕದ ಬೀದಿಯ ಬೇಕರಿಯವನ ಹೆಂಡತಿಗೆ ಬೆಳಗ್ಗೆ ನೋವು ಶುರುವಾಗಿದೆ. ಆಸ್ಪತ್ರೆ ಅವರ ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಬೇಕರಿಯವನ ಫೋನಿನಲ್ಲಿ ಬೀಗದ ಫೋಟೋ ಇತ್ತು. ಕಾರು ಹತ್ತಿಸಿಕೊಂಡು ಸೀದಾ ಸೇತುವೆಗೆ ಹೊರಟಿದ್ದಾನೆ. ಸೇತುವೆಯ ನಟ್ಟನಡುವೆ ಕಾರು ನಿಂತಿದೆ. ಹಿಂದಿನ ಬಸ್ಸಿನಿಂದ ಯಾರೋ ಹೆಂಗಸು ಇಳಿದು ಬಂದು ಕೈ ಹಿಡಿದಿದ್ದಾಳೆ. ಮಗು ಹಿಂದಿನ ಸೀಟಿನಲ್ಲೇ ಹುಟ್ಟಿದೆ. ಮಗು ಚೆನ್ನಾಗಿದೆ. ತಾಯಿಗೆ ಬಹಳ ರಕ್ತ ಹೋಗಿದೆ, ದೊಡ್ಡಾಸ್ಪತ್ರೆಯಲ್ಲಿದ್ದಾಳೆ, ಇನ್ನೂ ಏನೂ ಹೇಳುವ ಹಾಗಿಲ್ಲ.

"ನಮ್ಮ ಗೇಟಿನ ಮುಂದೇನೇ ಹೋಗಿದ್ದಾರೆ ಕಣೋ. ತಿರುಗಿ ಕೂಡ ನೋಡಿಲ್ಲ. ನಾನು ಒಳಗೇ ಇದ್ದೆ. ಖಾಲಿ ವಾರ್ಡಲ್ಲಿ ಹೊದಿಕೆ ಮಡಿಸ್ತಾ ಕೂತಿದ್ದೆ."

ಆಮೇಲೆ ತನ್ನ ಫೋನು ತೆಗೆದು ಪುಟ ತೋರಿಸಿದಳು. "ಪ್ರಶ್ನೆ ಎಲ್ಲಿ ಹೋಯ್ತು?"

"ಅದು ಚೆನ್ನಾಗಿ ಓಡ್ತಿರಲಿಲ್ಲ" ಎಂದೆ. ಬಾಯಿಂದ ಬಂದಾಗಿತ್ತು. ಭಾವ ಎದ್ದು ಹೋಗಿ ಅಂಗಡಿಯ ಬಾಗಿಲು ಎಳೆದರು, ಗಿರಾಕಿ ಇದ್ದರೂ.

ಇನ್ನು ಬರೆಯಲಾರೆ.

ಮಾರ್ಚ್ ೨೬, ಬುಧವಾರ

ಬೇಕರಿಯವನ ಹೆಂಡತಿ ಕಣ್ಣು ಬಿಟ್ಟಿದ್ದಾಳಂತೆ. ಬೆಳಗ್ಗೆ ಮೊದಲು ಬಂದ ಸುದ್ದಿ ಅದು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಆಮೇಲೆ ಅಕ್ಕ ಹೇಳುತ್ತಾ ಹೋದಳು, ನಾನು ಟೈಪ್ ಮಾಡಿದೆ:

"ಹೆರಿಗೆ ಆಸ್ಪತ್ರೆ ತೆರೆದಿದೆ. ಗೇಟಿಗೆ ಬೀಗ ತೂಗಿಹಾಕಿ ಫೋಟೋ ತೆಗೆದದ್ದು ನಾವೇ. ಅದು ಸುಳ್ಳು. ನಮ್ಮಿಂದ ತಪ್ಪಾಯಿತು. ಮುಂದೆ ಆಸ್ಪತ್ರೆ ಉಳಿಯುತ್ತದೋ ಇಲ್ಲವೋ ಹೊಸ ನಗರಸಭೆ ತೀರ್ಮಾನಿಸುತ್ತದೆ, ನನಗೆ ಗೊತ್ತಿಲ್ಲ. ನೋವು ಶುರುವಾದರೆ ಪಕ್ಕದ ಬಾಗಿಲಿಗೆ ಬನ್ನಿ. ಇವತ್ತು ಸಂಜೆಯವರೆಗೆ ನಾನು ಅಲ್ಲೇ ಇರುತ್ತೇನೆ."

"ಸುಳ್ಳು ಅನ್ನೋ ಪದ ಬೇಡ ಅಕ್ಕಾ. 'ತಪ್ಪು ತಿಳುವಳಿಕೆಯಾಗಿದೆ' ಅನ್ನೋಣ" ಎಂದೆ. "ಯಾರು ತಪ್ಪು ತಿಳ್ಕೊಂಡಿದ್ದು? ನಾವು ಹೇಳಿದ್ದನ್ನ ಸರಿಯಾಗೇ ತಿಳ್ಕೊಂಡ್ರು" ಎಂದಳು. ಓಟು ಹೋಗುತ್ತದೆ ಎಂದೆ. ಹೋಗಲಿ ಎಂದಳು. ಗೊತ್ತಿಲ್ಲ ಅಂತ ಯಾವ ಅಭ್ಯರ್ಥಿಯೂ ಬರೆಯುವುದಿಲ್ಲ ಎಂದೆ.

ಆಗ ಕುರ್ಚಿ ಎಳೆದುಕೊಂಡು ಕೂತಳು. "ನೋವು ತಿನ್ನೋಳಿಗೆ ನಾನು ಮೂರೇ ಮಾತು ಹೇಳೋದು. ಈಗ ಏನಾಗ್ತಿದೆ. ಮುಂದೆ ಏನಾಗುತ್ತೆ, ಗೊತ್ತಿದ್ರೆ ಗೊತ್ತು, ಇಲ್ದಿದ್ರೆ ಇಲ್ಲ. ನಾನು ಎಲ್ಲಿರ್ತೀನಿ. ಏನೂ ಆಗಲ್ಲ, ನೋವೇ ಆಗಲ್ಲ ಅಂತ ಒಂದು ಸಲ ಅಂದೆ ಅನ್ಕೋ. ಮುಂದಿನ ನೋವು ಬಂದಾಗ ಅವಳು ನನ್ನ ಕೈ ಬಿಟ್ಟುಬಿಡ್ತಾಳೆ. ಆಮೇಲೆ ನಾನು ತಳ್ಳು ಅಂದ್ರೂ ತಳ್ಳಲ್ಲ, ತಡಿ ಅಂದ್ರೂ ತಡಿಯಲ್ಲ."

ಹದಿನೈದು ವರ್ಷದಿಂದ ಅಕ್ಕ ಈ ಕೆಲಸ ಮಾಡುತ್ತಿದ್ದಾಳೆ. ಅವಳು ಅಲ್ಲಿ ಏನು ಮಾತಾಡುತ್ತಾಳೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಬೀಗದ ಫೋಟೋ ಅಳಿಸಿ, ಅವಳು ಹೇಳಿದ ಹಾಗೇ ಹಾಕಿದೆ. ಒಂದು ಅಕ್ಷರ ಬದಲಿಸಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಎಣಿಸಿದಂತೆಯೇ ಆಯಿತು. ಡಾಕ್ಟರ ಪುಟದ ಮೇಲೆ ಅಕ್ಕನ ನಗುವಿಲ್ಲದ ಫೋಟೋ, ಅದರ ಕೆಳಗೆ ಅವಳದೇ ಮಾತು: "ಅದು ಸುಳ್ಳು. ನಮ್ಮಿಂದ ತಪ್ಪಾಯಿತು." ಅಷ್ಟೇ. ಬೈಗುಳವಿಲ್ಲ, ಟೀಕೆಯಿಲ್ಲ. ನಂಬದವರು ನೋಡಿಕೊಳ್ಳಲಿ ಎಂದು ನಮ್ಮ ಪುಟದ ಲಿಂಕನ್ನೂ ಕೊಟ್ಟಿದ್ದಾರೆ. ಏನು ಕೈ! ಪೆಟ್ಟು ತಿಂದವನೂ ಭೇಷ್ ಅನ್ನಬೇಕು.

ಭಾವ ಹಲ್ಲು ಕಡಿದರು. ಅಕ್ಕ ನೋಡಿ, "ಅವನ ಪುಟಕ್ಕೆ ಎಷ್ಟು ಜನ ಹೋಗ್ತಾರೆ?" ಎಂದು ಕೇಳಿದಳು. ನಮ್ಮ ಹತ್ತರಷ್ಟು ಎಂದೆ. "ಹಾಗಾದ್ರೆ ಒಳ್ಳೇದೇ ಆಯ್ತಲ್ಲೋ. ತೆರೆದಿದೆ ಅಂತ ಅಷ್ಟೂ ಜನಕ್ಕೆ ಗೊತ್ತಾಗುತ್ತೆ" ಎಂದಳು. ವ್ಯಂಗ್ಯವೇನೋ ಎಂದು ಮುಖ ನೋಡಿದೆ. ಅಲ್ಲ, ನಿಜವಾಗಿಯೂ ಸಂತೋಷಪಟ್ಟಿದ್ದಳು.

ಮಾರ್ಚ್ ೩೧, ಸೋಮವಾರ

ಪುಟದಲ್ಲಿ ನನ್ನ ನಂಬರು ಇರುವುದು ಮರೆತೇಹೋಗಿತ್ತು. ಬೆಳಗಿನಿಂದ ಕರೆ. ಒಬ್ಬ ಅಜ್ಜಿ, "ತೆರೆದಿದೆ ಅಂತ ಬರ್ದಿದ್ದೀರಲ್ಲ, ಈಗಲೂ ತೆರೆದಿದೆಯಾ?" ಎಂದರು. ಈಗಲೂ ತೆರೆದಿದೆ ಅಜ್ಜಿ ಎಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ ಅದನ್ನೇ ಕೇಳಿದರು. ಪಾಪ, ಮೊಮ್ಮಗಳು ಮೊದಲ ಬಸುರಿಯಂತೆ. ಇನ್ನೊಬ್ಬಾಕೆ ಮಗುವಿಗೆ ಎಂಥ ಬಟ್ಟೆ ತರಬೇಕು ಎಂದಳು. ನನಗೇನು ಗೊತ್ತು? ಅಕ್ಕ ಮೊದಲ ದಿನ ಬರೆದುಕೊಟ್ಟದ್ದನ್ನು ಹುಡುಕಿ ಓದಿ ಹೇಳಿದೆ. ಎಂಟು ಸಲ ಓದಿ ಸಾಕಾಗಿ, ಅದನ್ನೇ ಪುಟಕ್ಕೆ ಹಾಕಿಬಿಟ್ಟೆ. ಡಾಕ್ಟರು ಬರುವ ದಿನ, ತರಬೇಕಾದ್ದು, ಯಾವ ಬಾಗಿಲು, ಎಲ್ಲ. "ಮೊದಲ ಗೆಳತಿ" ತೆಗೆದೆ, ಜಾಗ ಸಾಲಲಿಲ್ಲ.

ಅಕ್ಕ ಇನ್ನೂ ಮನೆಗೆ ಬಂದಿಲ್ಲ. ವಾರ್ಡಿನಲ್ಲಿ ಇಬ್ಬರು ಇದ್ದಾರಂತೆ.

ಏಪ್ರಿಲ್ ೨, ಬುಧವಾರ

ಬೇಕರಿಯವನು ಬಂದ. ಕಿಟಕಿಯಿಂದ ನೋಡಿದೆ. ಹೊಡೆಯಲಿ ಎಂದುಕೊಂಡೇ ಇಳಿದು ಹೋದೆ. ಭಾವ ಸುಮ್ಮನೆ ಬಂದು ನನ್ನ ಪಕ್ಕ ನಿಂತರು.

ಅವನು ಹೊಡೆಯಲಿಲ್ಲ. ಹೆಂಡತಿ ಮನೆಗೆ ಬಂದಿದ್ದಾಳೆ ಎಂದ. ನನ್ನದು ತಪ್ಪಾಯಿತು, ಆ ಫೋಟೋ ತೆಗೆದದ್ದು ನಾನೇ ಎಂದೆ. "ಗೊತ್ತು" ಎಂದ. "ಅದನ್ನ ನಾನೂ ಸಿಕ್ಕಸಿಕ್ಕವರಿಗೆಲ್ಲ ಕಳಿಸಿದ್ದೆ. ನಮ್ಮ ಬೀದೀಲಿ ಇನ್ನೂ ಇಬ್ಬರಿಗೆ ದಿನ ತುಂಬಿದೆ. ಈಗ ನಿಮ್ಮ ಹೊಸ ಪುಟ ಅವರಿಗೆಲ್ಲ ಕಳಿಸಬೇಕು. ನನಗೆ ಬರಲ್ಲ, ತೋರಿಸಿಕೊಡಿ."

ಭಾವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಇಬ್ಬರೂ ಒಬ್ಬೊಬ್ಬರಿಗೇ ಕಳಿಸಿದೆವು. ಪ್ರತಿಯೊಬ್ಬರ ಹೆಸರು ಬಂದಾಗಲೂ ಇವರು ಯಾರು, ಎಲ್ಲಿಯವರು ಎಂದು ಹೇಳುತ್ತಿದ್ದ. ಒಬ್ಬರು ಪೋಸ್ಟಿನಲ್ಲಿ ಕೆಲಸ ಮಾಡುವವರು, ಒಬ್ಬರಿಗೆ ಕಿವಿ ಮಂದ, ಅವರ ಮಗಳಿಗೆ ತೋರಿಸಬೇಕು. ಹೋಗುವಾಗ ಅವನ ಕೈ ಹಿಡಿದುಕೊಂಡೆ.

ಏಪ್ರಿಲ್ ೬, ಭಾನುವಾರ

ಮತದಾನ. ಅಕ್ಕ ಓಟು ಹಾಕಿ ಸೀದಾ ಡ್ಯೂಟಿಗೆ ಹೋದಳು. ನಿಂತ ಅಭ್ಯರ್ಥಿ ಮತಗಟ್ಟೆ ಹತ್ತಿರ ಇರಬೇಡವೇ ಎಂದು ಭಾವ ಕೂಗಾಡಿದರು. ನೋವು ಶುರುವಾದವಳಿಗೆ ಮತದಾನದ ದಿನ ಅಂತ ಗೊತ್ತಾಗುವುದಿಲ್ಲವಂತೆ.

ಏಪ್ರಿಲ್ ೭, ಸೋಮವಾರ

ಸೋತಳು. ತುಂಬ ಅಂತರದಲ್ಲೇನಲ್ಲ, ಆದರೆ ಸೋಲು ಸೋಲೇ. ಬೀಗದ ಫೋಟೋ ಹಾಕದೇ ಇದ್ದಿದ್ದರೆ ಗೆಲ್ಲುತ್ತಿದ್ದಳು. ಅಥವಾ ಹಾಕಿ, ತಪ್ಪಾಯಿತು ಅನ್ನದೇ ಇದ್ದಿದ್ದರೂ ಗೆಲ್ಲುತ್ತಿದ್ದಳು. ಎರಡನೆಯದನ್ನು ಯೋಚಿಸಿದ್ದಕ್ಕೆ ನನಗೇ ಕಸಿವಿಸಿಯಾಯಿತು.

"ಪುಟ ಮುಚ್ಚಿಬಿಡಲಾ ಅಕ್ಕಾ?" ಎಂದೆ.

"ಯಾಕೆ? ನಾಳೆ ಯಾರ ಡ್ಯೂಟಿ ಅಂತ ಇನ್ನೂ ಹಾಕೇ ಇಲ್ವಲ್ಲ ನೀನು" ಎಂದಳು. ಹಾಗೆಂ​ದವಳು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ಆಸ್ಪತ್ರೆ ಇನ್ನೆಷ್ಟು ದಿನವೋ. ನಾನು ಕೂತು ನಾಳೆಯ ಡ್ಯೂಟಿ ಹಾಕಿದೆ.

ಏಪ್ರಿಲ್ ೧೭, ಗುರುವಾರ

ಬಹಳ ದಿನದ ಮೇಲೆ ಡಾಕ್ಟರ ಪುಟಕ್ಕೆ ಹೋದೆ. "ದೊಡ್ಡ ಆಸ್ಪತ್ರೆ, ದೊಡ್ಡ ಧೈರ್ಯ" ಮಾಯ! ಆ ಜಾಗದಲ್ಲಿ ನಮ್ಮ ಹೆರಿಗೆ ಆಸ್ಪತ್ರೆಯ ಗೇಟು, ಗೇಟಿನ ಮುಂದೆ ಹಲ್ಲು. "ನಮ್ಮ ಆಸ್ಪತ್ರೆ, ನಮ್ಮ ಹತ್ತಿರ." ಹೊಸ ನಗರಸಭೆಯ ಮೊದಲ ಸಭೆಯಲ್ಲೇ ಅನುದಾನ ಮುಂದುವರಿಸಲು ಅವರೇ ಸೂಚಿಸಿದರಂತೆ, ಯಾರೂ ಬೇಡ ಅನ್ನಲಿಲ್ಲವಂತೆ.

ಭಾವ ಕುಣಿದಾಡಿದರು, ಸಿಟ್ಟಿನಿಂದ. "ಸೋತಿದ್ದು ಇವಳು, ಹೆಸರು ಅವನಿಗೆ!" ಅಕ್ಕ ಊಟದ ತಟ್ಟೆ ಮುಂದೆ ಕೂತು ನಗತೊಡಗಿದಳು. ಕ್ಯಾಮೆರಾದ ಮುಂದೆ ಎಷ್ಟು ಬೇಡಿಕೊಂಡರೂ ಬಾರದಿದ್ದ ನಗು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಹಾಕ್ಕೊಳ್ಲಿ ಬಿಡ್ರೀ. ಬೇಕಾದ್ರೆ ಅವನ ಹಲ್ಲನ್ನೇ ಗೇಟಿಗೆ ತೂಗುಹಾಕ್ಲಿ. ಬಾಗಿಲು ತೆರೆದಿದ್ರೆ ಆಯ್ತು."

ಇಂಥವಳನ್ನು ಗೆಲ್ಲಿಸಲು ಹೊರಟಿದ್ದೆನಲ್ಲ ನಾನು.

ಏಪ್ರಿಲ್ ೨೫, ಶುಕ್ರವಾರ

ಮಧ್ಯಾಹ್ನ ಒಂದು ಕರೆ ಬಂತು. ಹೆಣ್ಣುದನಿ, ಉಸಿರು ಕಟ್ಟಿಕೊಂಡು. "ಇವತ್ತು ನಿಮ್ಮಕ್ಕ ಇದ್ದಾರಾ? ಪುಟದಲ್ಲಿ ಇದ್ದಾರೆ ಅಂತಿದೆ. ನಿಜವಾಗ್ಲೂ ಇದ್ದಾರಾ?" ಇದ್ದಾರೆ, ಪಕ್ಕದ ಬಾಗಿಲಿಗೆ ಬನ್ನಿ ಎಂದೆ. ಒಬ್ಬಳೇ ಬರುತ್ತಿದ್ದೇನೆ, ಗಂಡ ಬೇರೆ ಊರಲ್ಲಿದ್ದಾರೆ ಎಂದರು. ದನಿ ಕೇಳಿ ಕೂರಲಾಗಲಿಲ್ಲ, ಭಾವನ ಸೈಕಲ್ಲು ಹತ್ತಿ ನಾನೂ ಹೋದೆ.

ಬಾಡಿಗೆ ಕಾರಿನಿಂದ ಇಳಿದವರಿಗೆ ನನ್ನ ವಯಸ್ಸೇ ಇರಬೇಕು. ಚೀಲ ಹಿಡಿದುಕೊಂಡೆ. ಅಕ್ಕ ಒಳಗಿನಿಂದ ಬರುವಷ್ಟರಲ್ಲಿ ಬೆಂಚಿನ ಮೇಲೆ ಕೂತು ನನ್ನನ್ನು ದಿಟ್ಟಿಸಿ, "ಪುಟ ಮಾಡೋರು ನೀವೇ ಅಲ್ವಾ? ಡಾಕ್ಟರ ಪುಟ ನಾನು ಮಾಡೋದು" ಎಂದರು.

ಆ ಮಹಾನುಭಾವ! ತುಂಬು ಬಸುರಿ, ಬೆವರುತ್ತಾ, ನನ್ನ ಮುಂದೆ.

"ಒಂದು ಕೇಳ್ಲಾ?" ಎಂದರು. "ನಿಮ್ಮ ಪುಟದ ಲಿಂಕ್ ಕೊಟ್ಟಿದ್ದು ನಾನೇ. ಹೋದ ಜನ ನಮ್ಮ ಕಡೆ ವಾಪಸ್ ಬರಲೇ ಇಲ್ಲ. ಅಲ್ಲೇ ಕೂತು ಓದ್ತಿದ್ರು. ವಿಲೀನದ ಸಾಲು ಬಂದ ಕೂಡಲೇ ನಮ್ಮ ಪುಟ ಮುಚ್ಚಿ ಹೋಗ್ತಿದ್ರು. ಡಾಕ್ಟರಿಗೆ ಅದನ್ನೇ ತೋರಿಸಿದೆ, ಅವರು ವಿಲೀನವನ್ನೇ ಕೈಬಿಟ್ಟು ಆ ಸಾಲು ತೆಗೆಸಿದರು. ಆ 'ನಮ್ಮಿಂದ ತಪ್ಪಾಯಿತು' ಅನ್ನೋದನ್ನ ಎಷ್ಟು ಥರ ಬರೆದು ನೋಡಿದ್ರಿ? ಯಾವುದರ ಜೊತೆ ಹೋಲಿಸಿ ನೋಡಿದ್ರಿ?"

"ಒಂದೇ ಥರ. ಅಕ್ಕ ಹೇಳಿದ್ಲು, ನಾನು ಹಾಕಿದೆ."

ನಂಬಲಿಲ್ಲ ಅವರು. ಕಸುಬಿನ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡಿರಬೇಕು, ಮುಖದಲ್ಲಿ ನಗು ಸುಳಿಯಿತು. ಅಷ್ಟರಲ್ಲಿ ನೋವು ಬಂದು ನನ್ನ ಮುಂಗೈ ಹಿಡಿದರು. ಉಗುರಿನ ಗುರುತು ಈಗಲೂ ಇದೆ. ಅಕ್ಕ ಬಂದಳು. ನನ್ನ ಕೈ ಬಿಡಿಸಿ ತನ್ನ ಕೈ ಕೊಟ್ಟಳು.

"ಸಿಸ್ಟರ್, ಏನೂ ಆಗಲ್ಲ ಅಲ್ವಾ? ಏನೂ ಆಗಲ್ಲ ಅಂತ ಹೇಳಿ."

"ಈಗ ನೋವು ಜೋರಾಗಿದೆ, ಮಗು ಕೆಳಗೆ ಬರ್ತಿದೆ ಅಂತ ಅರ್ಥ" ಎಂದಳು ಅಕ್ಕ. "ಇನ್ನೂ ಜೋರಾಗುತ್ತೆ. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲಮ್ಮಾ. ನಾನಂತೂ ಎಲ್ಲೂ ಹೋಗಲ್ಲ."

ಅವರು ತಲೆಯಾಡಿಸಿದರು. ಅಕ್ಕನ ಕೈ ಬಿಡದೆ ಒಳಗೆ ನಡೆದರು.

ನಾನು ಬೆಂಚಿನ ಮೇಲೆ ಅವರ ಚೀಲ ತೊಡೆಯಲ್ಲಿಟ್ಟುಕೊಂಡು ಕೂತಿದ್ದೆ. ಅವರ ಗಂಡನಿಗೆ ಎರಡು ಸಲ ಫೋನ್ ಮಾಡಿದೆ. ಮೊದಲು ಏನೂ ಭಯವಿಲ್ಲ ಎನ್ನಲು ಹೋದವನು ನಿಲ್ಲಿಸಿ, ಒಳಗೆ ಕರೆದುಕೊಂಡು ಹೋಗಿದ್ದಾರೆ, ಇನ್ನೂ ಏನೂ ಗೊತ್ತಿಲ್ಲ, ನಾನು ಇಲ್ಲೇ ಇರುತ್ತೇನೆ ಎಂದೆ. ಸಂಜೆ ಒಳಗಿನಿಂದ ಮಗುವಿನ ಅಳು ಕೇಳಿಸಿತು.

ಅಕ್ಕ ಹೊರಗೆ ಬಂದು ಸುದ್ದಿ ಹೇಳಿದ ಮೇಲೆ, ಅಲ್ಲೇ ಕೂತು ಪುಟ ಬದಲಿಸಿದೆ: "ಆಸ್ಪತ್ರೆ ತೆರೆದಿದೆ. ಇವತ್ತು ಒಂದು ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಆರೋಗ್ಯ. ನಾಳೆ ಬೆಳಗ್ಗೆಯಿಂದ ಮತ್ತೆ ಅಕ್ಕನ ಡ್ಯೂಟಿ." ಎಷ್ಟು ಜನ ನೋಡಿದರೋ, ತಿಳಿಯದು. ಭಾವನ ಸೈಕಲ್ಲಿನಲ್ಲಿ ಅರ್ಧ ದಾರಿ ಬಂದ ಮೇಲೆ ನೆನಪಾಯಿತು, "ನೋಡೋಣ" ಎನ್ನುವುದು ಎಲ್ಲಿಂದ ಹೊಳೆಯಿತು ಎಂದು ಕೇಳಲೇ ಇಲ್ಲ. ನಾಳೆ ಮಗುವಿಗೆ ಟೋಪಿ ಬೇಕಂತೆ, ಅವರು ತರಲು ಮರೆತಿದ್ದಾರೆ. ಅದನ್ನು ಮೊದಲು ತೆಗೆದುಕೊಂಡು ಹೋಗಬೇಕು.